ಬಲ ಮೇಲಿನ ನಾಲ್ಕನೇ ಹಲ್ಲು

ಜೂನ್ ತಿಂಗಳ ಪರೀಕ್ಷೆಯಲ್ಲಿ ದೊಬ್ರಿಂಕಾ ಮಂಜೊವಾ ನಪಾಸಾದದ್ದು ಒಂದು ಮೊಟ್ಟೆಯ ದೆಸೆಯಿಂದ. ತಲೆಬುರುಡೆಯ ತಳದಲ್ಲಿ ಒಂದು ತೂತಿದೆ. ಐದನೇ ನರದ ಮೂರನೇ ಕವಲು ಅಲ್ಲಿಂದ ಹೊರಬಿದ್ದು ಕೆಳದವಡೆಗೆ ಇಳಿಯುತ್ತದೆ. ಅದಕ್ಕೊಂದು ಲ್ಯಾಟಿನ್ ಹೆಸರು. ಬೇಕಾದ ಹೊತ್ತಿಗೇ ಆ ಹೆಸರು ಮರೆತುಹೋಗಿ ಅವಳು, "ಆ ಮೊಟ್ಟೆ ಆಕಾರದ್ದು ಇದೆಯಲ್ಲ ಸಾರ್, ಆ ತೂತು" ಅಂದುಬಿಟ್ಟಳು.

ಪ್ರೊಫೆಸರ್ ಹರಲಾಂಪಿ ವ್ಲಾಹೊವ್ ಪೆನ್ನು ಕೆಳಗಿಟ್ಟರು. "ಬೇಯಿಸಿದ್ದೋ, ಹಸೀದೋ?"

ಹಿಂದೆ ಸರದಿಗೆ ಕಾದು ಕೂತಿದ್ದವರೆಲ್ಲ ನಕ್ಕರು. ಪ್ರೊಫೆಸರ್ ಹಾಸ್ಯ ಮಾಡಿದಾಗ ನಗುವುದು ಆ ಹಲ್ಲಿನ ಕಾಲೇಜಿನಲ್ಲಿ ಪಾಠದ ಒಂದು ಭಾಗವೇ ಆಗಿತ್ತು. ಆ ಲ್ಯಾಟಿನ್ ಹೆಸರಿನ ಅರ್ಥವೂ ಮೊಟ್ಟೆಯಾಕಾರದ ತೂತು ಎಂದೇ. ಆದರೆ ಲ್ಯಾಟಿನ್‌ನಲ್ಲಿ ಹೇಳಿದರೆ ಅದು ವಿಜ್ಞಾನ, ಮನೆಮಾತಿನಲ್ಲಿ ಹೇಳಿದರೆ ಅಡುಗೆ. ಅಂಕಪುಸ್ತಕದಲ್ಲಿ ಎರಡು ಬಿತ್ತು. ಆರಕ್ಕೆ ಎರಡು. ಮೂರಾದರೆ ಪಾಸು.

ದೊಬ್ರಿಂಕಾಗೆ ಆಗ ನಲವತ್ನಾಲ್ಕು. ತುಂಜಾ ನದಿ ದಂಡೆಯ ಅದೇ ಊರಿನ ಲ್ಯಾಬೊಂದರಲ್ಲಿ ಇಪ್ಪತ್ತೆರಡು ವರ್ಷ ಹಲ್ಲಿನ ಸೆಟ್ಟು ಮಾಡಿದ ಕೈ ಅವಳದು. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು, ಅವಳು ಅದಕ್ಕೆ ತಕ್ಕ ಹಲ್ಲು ಕಡೆದು ಕೊಡುತ್ತಿದ್ದಳು. ಹಲ್ಲು ಚೆನ್ನಾಗಿ ಕೂತರೆ ಹೆಸರು ಡಾಕ್ಟರಿಗೆ, ಕೂರದಿದ್ದರೆ ಬೈಗುಳ ಲ್ಯಾಬಿಗೆ. ಹೀಗೊಂದು ದಿನ, ಹೊಸದಾಗಿ ಬೋರ್ಡು ಹಾಕಿದ ಹುಡುಗನೊಬ್ಬ ತಾನೇ ಕೆಡಿಸಿದ ಅಚ್ಚಿಗಾಗಿ ರೋಗಿಯ ಎದುರೇ ಫೋನಿನಲ್ಲಿ ಅವಳನ್ನು ಬೈದ. ಅವತ್ತು ಸಂಜೆ ಅವಳು ಗಂಡ ಸಾವಾನ ಮುಂದೆ ನಿಂತು, "ನಾನೂ ಡಾಕ್ಟ್ರಾಗ್ತೀನಿ" ಅಂದಳು.

ಸಾವಾ ಊರಿನ ಸಿಟಿ ಬಸ್ಸಿನ ಡ್ರೈವರು. ಯಾವುದಕ್ಕೂ ಗಾಬರಿಯಾಗುವ ಆಳಲ್ಲ. "ಆಗು" ಅಂದ. "ನನ್ನ ಬಾಯಿಗೆ ಮಾತ್ರ ಕೈ ಹಾಕ್ಬೇಡ."

ಅವಳು ಪ್ರವೇಶ ಪರೀಕ್ಷೆ ಪಾಸು ಮಾಡಿದಳು. ಮಗಳ ವಯಸ್ಸಿನವರ ನಡುವೆ ಬೆಂಚಿನಲ್ಲಿ ಕೂತಳು. ಆಮೇಲೆ ಬಂತು ಆ ಮೊಟ್ಟೆ.

ಸೆಪ್ಟೆಂಬರಿನಲ್ಲಿ ಕಾಲೇಜಿನ ಗೋಡೆಗೆ ನೋಟೀಸು ಅಂಟಿಸಿದರು: ನಪಾಸಾದ ಹನ್ನೊಂದು ಮಂದಿಗೆ ಅನಾಟಮಿ ಮತ್ತು ಬಯೋಕೆಮಿಸ್ಟ್ರಿಯ ಮೂಲಪಾಠಗಳ ಪುನರಾವರ್ತನೆ, ಹತ್ತು ದಿನ, ಕಡ್ಡಾಯ ಹಾಜರಿ, ಕೊನೆಗೆ ಮರುಪರೀಕ್ಷೆ. ಬೆಳಗ್ಗೆ ಅನಾಟಮಿ, ವ್ಲಾಹೊವ್ ಅವರಿಂದ. ಮಧ್ಯಾಹ್ನ ಬಯೋಕೆಮಿಸ್ಟ್ರಿ, ಡೊಸೆಂಟ್ ಕುತ್ಸಾರೊವಾ ಅವರಿಂದ. ಡೊಸೆಂಟ್ ಎಂದರೆ ಪ್ರೊಫೆಸರಿಗಿಂತ ಒಂದು ಮೆಟ್ಟಿಲು ಕೆಳಗೆ. ಈ ಕುತ್ಸಾರೊವಾ ಸಣ್ಣ ದನಿಯ ಹೆಂಗಸು. ಹನ್ನೊಂದು ವರ್ಷದಿಂದ ವ್ಲಾಹೊವ್ ಅವರ ಪಕ್ಕದ ಕೋಣೆಯಲ್ಲಿದ್ದರು, ಅಷ್ಟೂ ವರ್ಷದಲ್ಲಿ ಅವರ ಮಾತಿಗೆ ಎದುರು ಹೇಳಿದ್ದು ಒಂದೇ ಸಲ, ಕಿಟಕಿ ತೆಗೆಯುವ ವಿಷಯದಲ್ಲಿ. ಕಿಟಕಿ ಮುಚ್ಚೇ ಇತ್ತು.

ವ್ಲಾಹೊವ್ ಅವರ ಪುನರಾವರ್ತನೆ ಎಂದರೆ ಅವರೇ ಬರೆದ ಪುಸ್ತಕವನ್ನು ಅವರೇ ಗಟ್ಟಿಯಾಗಿ ಓದುವುದು. ಲೇಖಕರ ಬಗ್ಗೆ ಅವರಿಗೆ ಅಪಾರ ಗೌರವ. ಕೆಲವು ವಾಕ್ಯಗಳನ್ನು ಎರಡು ಸಲ ಓದಿ, "ಎಷ್ಟು ಚೆನ್ನಾಗಿ ಹೇಳಿದಾರೆ ನೋಡಿ" ಎನ್ನುವಂತೆ ತಲೆ ಎತ್ತುತ್ತಿದ್ದರು. ನಡುನಡುವೆ ಮೆಡಿಕಲ್ ಸೀಟು ಸಿಗದೆ ಹಲ್ಲಿಗೆ ಬಂದವರ ಬಗ್ಗೆ ಮರುಕ.

"ಏಳನೇ ನರ ಕಿವಿಯ ಮುಂದಿನ ಪರೋಟಿಡ್ ಜೊಲ್ಲುಗ್ರಂಥಿಯ ಒಳಗೇ ಹಾದು ಹೋಗುತ್ತೆ" ಅಂದರು ಮೊದಲ ದಿನ. "ಆ ಗ್ರಂಥಿಗೆ ಏನು ಕೊಡುತ್ತೆ? ಹೇಳಿ ಡಾಕ್ಟರುಗಳೇ."

ಉತ್ತರಕ್ಕೆ ಕಾಯದೆ ತಾವೇ ಪುಟ ತಿರುಗಿಸಿದರು.

"ಏನೂ ಕೊಡಲ್ಲ. ಸುಮ್ನೆ ಒಳಗೆ ಬಂದು, ಐದು ಕವಲಾಗಿ ಹೊರಗೆ ಹೋಗುತ್ತೆ. ನೀವು ಈ ಕಾಲೇಜಿಗೆ ಬಂದು ಹೋಗೋ ಹಾಗೆ."

ಎಲ್ಲರೂ ನಕ್ಕರು, ದೊಬ್ರಿಂಕಾ ಕೂಡ. ಹಾಸ್ಯ ನಿಜಕ್ಕೂ ಚೆನ್ನಾಗಿತ್ತು, ಮೇಲಾಗಿ ನೆನಪಿನಲ್ಲೂ ಉಳಿಯಿತು. ಆ ಮನುಷ್ಯನಿಗೆ ಪಾಠ ಗೊತ್ತಿಲ್ಲ ಅಂತಲ್ಲ, ತನಗೆ ಗೊತ್ತಿರುವುದನ್ನು ಇನ್ನೊಬ್ಬರಿಗೆ ಬಿಟ್ಟುಕೊಡಲು ಸಂಕಟ.

ತರಗತಿಯ ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಆ ಕಾಲೇಜಿನ ಹೆಮ್ಮೆ ಇತ್ತು: ದೊಡ್ಡ ಬ್ರೆಡ್ಡಿನಷ್ಟು ಗಾತ್ರದ ಒಂದು ಪ್ಲಾಸ್ಟರ್ ಹಲ್ಲು. ಹಿತ್ತಾಳೆ ಫಲಕದಲ್ಲಿ 'ಬಲ ಮೇಲಿನ ನಾಲ್ಕನೇ ಹಲ್ಲು' ಎಂದೂ, ಅದರ ಕೆಳಗೆ 'ಪ್ರಥಮ ಬಹುಮಾನ, ಹ. ವ್ಲಾಹೊವ್' ಎಂದೂ ಕೆತ್ತಿತ್ತು. ಕೋರೆಹಲ್ಲಿನ ಪಕ್ಕದಲ್ಲಿ ಬರುತ್ತದಲ್ಲ, ಎರಡು ಮೊನೆಯ ಹಲ್ಲು, ಅದು. ಅವರು ವಿದ್ಯಾರ್ಥಿಯಾಗಿದ್ದಾಗ ಕಡೆದದ್ದು. ಪ್ರತಿ ಪರೀಕ್ಷೆಯಲ್ಲೂ ಒಂದೆರಡು ಚೀಟಿಗಳಲ್ಲಿ 'ಈ ಮಾದರಿಯನ್ನು ಗುರುತಿಸಿ' ಎಂಬ ಪ್ರಶ್ನೆ ಇರುತ್ತಿತ್ತು. ಆ ಚೀಟಿ ಸಿಕ್ಕವರು ಮನೆಗೆ ಫೋನು ಮಾಡಿ ಸಂತೋಷ ಹೇಳಿಕೊಳ್ಳುತ್ತಿದ್ದರು, ಏಕೆಂದರೆ ಉತ್ತರ ಫಲಕದಲ್ಲೇ ಇತ್ತು.

ಮೂರನೇ ದಿನ ಬಿಡುವಿನಲ್ಲಿ ದೊಬ್ರಿಂಕಾ ಆ ಹಲ್ಲಿನ ಹತ್ತಿರ ಹೋಗಿ ನಿಂತಳು. ಸುಮ್ಮನೆ, ಕೆಲಸದವರು ಇನ್ನೊಬ್ಬರ ಕೆಲಸ ನೋಡುವ ಹಾಗೆ. ಕಾಫಿ ಅರ್ಧ ಕುಡಿದಿದ್ದಳು. ಇನ್ನರ್ಧ ಕುಡಿಯಲಿಲ್ಲ.

"ರಲಿತ್ಸಾ, ಇಲ್ಲಿ ಬಾ" ಎಂದು ಕರೆದಳು.

ರಲಿತ್ಸಾ ಇಪ್ಪತ್ತು ವರ್ಷದ ಹುಡುಗಿ, ಅವಳ ಬೆಂಚಿನವಳು. ಪುಸ್ತಕದ ಯಾವ ಪುಟದಲ್ಲಿ ಯಾವ ಸಾಲಿದೆ ಎಂದೂ ಹೇಳಬಲ್ಲಳು, ಆದರೆ ಮೇಣದಲ್ಲಿ ಹಲ್ಲು ಕಡೆ ಎಂದರೆ ಆಲೂಗಡ್ಡೆ ಬರುತ್ತಿತ್ತು. ಅವಳು ನಪಾಸಾದದ್ದು ಆ ಆಲೂಗಡ್ಡೆಗೆ.

"ಇದು ಎಡಗಡೆ ಹಲ್ಲು ಕಣೆ."

"ಬಲ ಅಂತ ಬರೆದಿದೆಯಲ್ಲಕ್ಕಾ."

"ಬರೆದಿರೋದು ಬಿಡು. ಈ ಹಲ್ಲಲ್ಲಿ ಕೋರೆಹಲ್ಲಿಗೆ ತಾಗೋ ಪಕ್ಕದಲ್ಲಿ ಒಂದು ತಗ್ಗಿರುತ್ತೆ, ಹೆಬ್ಬೆರಳು ಇಟ್ರೆ ಕೂರೋ ಹಾಗೆ. ಬಲಗಡೇದಾದ್ರೆ, ನಾವು ಎದುರಿಗೆ ನಿಂತು ನೋಡಿದಾಗ, ತಗ್ಗು ನಮ್ಮ ಬಲಕ್ಕೆ ಬರ್ಬೇಕು. ಇದು ಎಲ್ಲಿದೆ ನೋಡು."

ರಲಿತ್ಸಾ ನೋಡಿದಳು. ಆಮೇಲೆ ಬಾಗಿಲ ಕಡೆ ನೋಡಿದಳು. "ಅಕ್ಕಾ, ನಿನ್ನ ದಮ್ಮಯ್ಯ, ಇದನ್ನ ಯಾರಿಗೂ ಹೇಳ್ಬೇಡ. ಅವರು ಬಲ ಅಂದ್ರೆ ಬಲ. ಪಾಸಾಗಿ ಹೊರಗೆ ಹೋದ್ಮೇಲೆ ನಿನ್ನಿಷ್ಟ."

ಮಾತು ಸರಿಯಾಗೇ ಇತ್ತು. ನಲವತ್ತು ವರ್ಷ ಆ ಊರಿನ ಡಾಕ್ಟರುಗಳೆಲ್ಲ ಅದನ್ನೇ ಬಾಯಿಪಾಠ ಮಾಡಿ ಹೊರಬಿದ್ದಿದ್ದರು, ಯಾರ ಹಲ್ಲೂ ಅದನ್ನು ಕೇಳಿ ಎಡದಿಂದ ಬಲಕ್ಕೆ ಹೋಗಿರಲಿಲ್ಲ.

ಸಂಜೆಗಳಲ್ಲಿ ಇಬ್ಬರೂ ದೊಬ್ರಿಂಕಾಳ ಮನೆಯಲ್ಲಿ ಸೇರತೊಡಗಿದರು. ಕೆಂಪು ದಪ್ಪಮೆಣಸಿನಕಾಯಿ ಸುಟ್ಟು ಚಳಿಗಾಲಕ್ಕೆ ಜಾಡಿ ತುಂಬುವ ಕಾಲ. ಊರಿನ ಎಲ್ಲ ಬಾಲ್ಕನಿಗಳಿಂದಲೂ ಒಂದೇ ವಾಸನೆ. ದೊಬ್ರಿಂಕಾ ಸಿಪ್ಪೆ ಸುಲಿಯುತ್ತ ಬಯೋಕೆಮಿಸ್ಟ್ರಿ ಕಲಿತಳು, ರಲಿತ್ಸಾ ಮೇಜಿನ ಇನ್ನೊಂದು ತುದಿಯಲ್ಲಿ ಮೇಣ ಕೆರೆಯುತ್ತ ಹಲ್ಲು ಕಲಿತಳು.

"ಎನಾಮಲ್ ಅಂದ್ರೆ ಕ್ಯಾಲ್ಸಿಯಂ ಫಾಸ್ಫೇಟಿನ ಹರಳು" ಎನ್ನುತ್ತಿದ್ದಳು ರಲಿತ್ಸಾ. "ಸಕ್ಕರೆ ತಿಂದ ಬ್ಯಾಕ್ಟೀರಿಯಾ ಆಸಿಡ್ ಬಿಡುತ್ತೆ. ಪಿಎಚ್ ಐದೂವರೆಗಿಂತ ಕೆಳಗಿಳೀತು ಅಂದ್ರೆ ಹರಳು ಕರಗೋಕೆ ಶುರು. ಜೊಲ್ಲು ಬಂದು ಮತ್ತೆ ಮೇಲೆತ್ತುತ್ತೆ."

"ಅಂದ್ರೆ ಬಾಯಲ್ಲಿ ದಿನಾ ಮನೆ ಬೀಳುತ್ತೆ, ದಿನಾ ರಿಪೇರಿ."

"ಹಾಗೆ ಬರೀಬೇಡಕ್ಕಾ, ಸಾಯಿಸ್ತಾರೆ."

ಕೊಲ್ಲಾಜನ್ ಎಂಬ ಹುರಿ ಗಟ್ಟಿಯಾಗಲು ಸಿ ವಿಟಮಿನ್ ಬೇಕು, ಇಲ್ಲದಿದ್ದರೆ ಒಸಡು ಸಡಿಲವಾಗಿ ರಕ್ತ ಬರುತ್ತದೆ, ದಪ್ಪಮೆಣಸಿನಕಾಯಿಯಲ್ಲಿ ಅದು ಹೇರಳ ಎಂದಾಗ ದೊಬ್ರಿಂಕಾ ಜಾಡಿಗಳನ್ನು ಅಭಿಮಾನದಿಂದ ನೋಡಿದಳು. ಸುಟ್ಟರೆ ಅದರಲ್ಲಿ ಒಂದು ಪಾಲು ಹಾಳಾಗುತ್ತದೆ ಎಂದಾಗ, "ಬಯೋಕೆಮಿಸ್ಟ್ರಿಯವರಿಗೆ ನಾಲಿಗೆ ಇಲ್ಲ" ಅಂದಳು.

ತಲೆಗೆ ಹತ್ತದೇ ಹೋದದ್ದು ಸಿಟ್ರಿಕ್ ಆಸಿಡ್ ಚಕ್ರ. ಎಂಟು ಆಸಿಡ್‌ಗಳು ಒಂದರ ಹಿಂದೊಂದು ಸುತ್ತು ಹೊಡೆಯುತ್ತವೆ. ಎಲ್ಲದರ ಹೆಸರೂ ಒಂದೇ ಮನೆತನದ ದಾಯಾದಿಗಳ ಹಾಗೆ. ಒಂದು ಸಂಜೆ ಡ್ಯೂಟಿ ಮುಗಿಸಿ ಬಂದ ಸಾವಾ ಬೂಟು ಬಿಚ್ಚುತ್ತ ಕೇಳಿಸಿಕೊಂಡ.

"ಎಂಟು ಸ್ಟಾಪು, ಹೊರಟ ಜಾಗಕ್ಕೇ ವಾಪಸ್ಸು. ನನ್ನ ನಾಲ್ಕನೇ ನಂಬರ್ ಬಸ್ಸಲ್ವಾ ಇದು?"

ಮೂವರೂ ಕೂತು ಹೆಸರಿಟ್ಟರು. ಡಿಪೋದಲ್ಲಿ ಆಕ್ಸಲೋಅಸಿಟೇಟ್ ನಿಂತಿದೆ, ಹೊಸ ಪ್ಯಾಸೆಂಜರ್ ಅಸಿಟೈಲ್ ಅಲ್ಲಿ ಹತ್ತುತ್ತಾನೆ. ಹತ್ತಿದ ಕೂಡಲೇ ಮಾರ್ಕೆಟ್ಟು, ಅದು ಸಿಟ್ರೇಟ್. ಮುಂದೆ ಆಸ್ಪತ್ರೆ ದಾಟಿದ ಮೇಲೆ ಒಂದು ಇಂಗಾಲ ಇಳಿಯುತ್ತದೆ, ರೈಲ್ವೆ ಸ್ಟೇಷನ್ ಬರುವಷ್ಟರಲ್ಲಿ ಇನ್ನೊಂದು. ಸಾವಾಗೆ ಒಂದೇ ಬೇಸರ: ಎರಡೂ ಟಿಕೆಟ್ ತೋರಿಸದೆ ಗಾಳಿಯಾಗಿ ಹೋಗುತ್ತವೆ.

ಪರೀಕ್ಷೆಯ ದಿನ ಬೆಳಗ್ಗೆ ಒಂಬತ್ತಕ್ಕೆ ದೊಬ್ರಿಂಕಾ ಮೇಜಿನ ಮೇಲೆ ಬೋರಲು ಹರಡಿದ್ದ ಚೀಟಿಗಳಲ್ಲಿ ಒಂದನ್ನು ಎತ್ತಿದಳು. ಮಾದರಿ ಗುರುತಿಸಿ. ಕೆಳದವಡೆಯ ನರ ಮತ್ತು ನಾಲಿಗೆ. ಸಿಟ್ರಿಕ್ ಆಸಿಡ್ ಚಕ್ರ.

ಹಿಂದೆ ತಯಾರಿಗೆ ಕೂತಿದ್ದ ರಲಿತ್ಸಾ ಚೀಟಿ ನೋಡಿ, ಕಣ್ಣಲ್ಲೇ ಬೇಡಿಕೊಂಡಳು.

ಪ್ಲಾಸ್ಟರ್ ಹಲ್ಲನ್ನು ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲೆ ಇಟ್ಟಿದ್ದರು, ಫಲಕದ ಸಮೇತ. ವ್ಲಾಹೊವ್ ಖುಷಿಯಲ್ಲಿದ್ದರು. "ಬನ್ನಿ ಡಾಕ್ಟರಮ್ಮ. ಮೊಟ್ಟೆ ಎಲ್ಲ ಬೆಂದಿವೆಯಾ? ಇದೇನು ಹೇಳಿ. ಓದೋಕೆ ಬಂದ್ರೆ ಸಾಕು."

ಬಲ ಎನ್ನಲು ಅವಳು ಮನಸ್ಸು ಮಾಡಿಯೇ ಬಂದಿದ್ದಳು. ಮನೆಯಿಂದ ಕಾಲೇಜಿನವರೆಗೂ ಅದೇ ಒಂದು ಪದ ಹೇಳಿಕೊಂಡು ನಡೆದಿದ್ದಳು. ಆದರೆ ಕೈ ತಾನಾಗಿ ಹಲ್ಲಿನ ಮೇಲೆ ಹೋಯಿತು, ಹೆಬ್ಬೆರಳು ತಗ್ಗಿನಲ್ಲಿ ಕೂತಿತು. ಇಪ್ಪತ್ತೆರಡು ವರ್ಷದಲ್ಲಿ ಆ ಬೆರಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಮೇಲಿನ ನಾಲ್ಕನೇ ಹಲ್ಲು ಸಾರ್. ಎಡಗಡೇದು."

ಪಕ್ಕದ ಕುರ್ಚಿಯಲ್ಲಿ ಕುತ್ಸಾರೊವಾ ಏನೋ ಬರೆಯುತ್ತಿದ್ದವರು ನಿಲ್ಲಿಸಿದರು.

"ಇನ್ನೊಂದ್ ಸಲ ಹೇಳಿ?"

"ಎಡ ಸಾರ್. ತಗ್ಗು ಈ ಪಕ್ಕದಲ್ಲಿದೆ. ಬಲಗಡೇದಾಗಿದ್ರೆ ಆ ಪಕ್ಕ ಇರ್ತಿತ್ತು. ಕೆನ್ನೆ ಕಡೆ ಮೊನೇನೂ ಹಾಗೇ, ಹಿಂದಕ್ಕೆ ವಾಲಿರ್ಬೇಕು, ಇದ್ರಲ್ಲಿ ಬಲ ಅಂತ ಹಿಡಿದ್ರೆ ಮುಂದಕ್ಕೆ ವಾಲುತ್ತೆ."

ವ್ಲಾಹೊವ್ ತಲೆ ಹಿಂದಕ್ಕೆ ಹಾಕಿ ಬಾಯ್ತುಂಬ ನಕ್ಕರು. "ನೋಡಿ ಡೊಸೆಂಟ್ ಮೇಡಂ! ನಲವತ್ತು ವರ್ಷದಿಂದ ಇಡೀ ಕಾಲೇಜು ಕುರುಡಾಗಿತ್ತು. ಲ್ಯಾಬಿನಿಂದ ಒಬ್ರು ಬಂದು ನಮ್ಮ ಕಣ್ಣು ತೆರೆಸ್ಬೇಕಾಯ್ತು! ಎಲ್ಲಿ ನೋಡಿದೀರಮ್ಮ ಬಲಗಡೆ ಹಲ್ಲನ್ನ? ತೋರಿಸಿ ಒಂದು!"

ಆ ನಗುವಿನಲ್ಲಿ ಬಾಯಿ ಅಗಲವಾಗಿ ತೆರೆದುಕೊಂಡಿತ್ತು. ಬಲಗಡೆ ಮೇಲೆ ಒಂದು ತಂತಿಯ ಕೊಕ್ಕೆ ಮಿಂಚಿತು, ಅದರ ಮುಂದೆ ಒಂದು ಹಲ್ಲು. ದೊಬ್ರಿಂಕಾ ಆ ಹಲ್ಲನ್ನು ನೋಡಿದಳು, ಎಲ್ಲೋ ನೋಡಿದ ಮುಖ ನೋಡುವ ಹಾಗೆ.

ಆರು ವರ್ಷದ ಹಿಂದೆ ಬಲ ಮೇಲಿನ ನಾಲ್ಕನೇ ಹಲ್ಲಿಗಾಗಿ ಲ್ಯಾಬಿಗೆ ಒಂದು ಅಚ್ಚು ಬಂದಿತ್ತು, ಹೆಸರಿಲ್ಲದೆ. ದೊಡ್ಡ ಮನುಷ್ಯರದು, ಹುಷಾರು ಅಂದಿದ್ದರು ಡಾಕ್ಟರು. ಅಂಗಡಿಯ ಸಿದ್ಧ ಹಲ್ಲು ಅವರಿಗೆ ಹಿಡಿಸಲಿಲ್ಲವೆಂದು ಮೂರು ಸಲ ವಾಪಸ್ಸು ಬಂತು. ನಾಲ್ಕನೇ ಸಲ ಜೊತೆಗೊಂದು ಚಿತ್ರವೂ ಬಂತು, ಇದೇ ಆಕಾರದಲ್ಲಿ ಮಾಡತಕ್ಕದ್ದು ಎಂದು. ದೊಬ್ರಿಂಕಾ ಚಿತ್ರ ನೋಡಿ, ಯಾರೋ ಎಡ-ಬಲ ತಿಳಿಯದವರು ಬರೆದದ್ದು ಎಂದು ಕಸಕ್ಕೆ ಹಾಕಿ, ಬಲಗಡೆ ಹಲ್ಲನ್ನು ಬಲಗಡೆ ಹಲ್ಲಿನಂತೆಯೇ ಕೈಯಾರೆ ಕಡೆದು ಕಳಿಸಿದ್ದಳು. ಅದು ಮತ್ತೆ ವಾಪಸ್ಸು ಬರಲಿಲ್ಲ.

ಈಗ ಅದು ಅವಳೆದುರಿಗೆ ಕೂತು ನಗುತ್ತಿತ್ತು.

ಅವಳ ಬಾಯಿಗೆ ಬಂದ ಮಾತುಗಳಲ್ಲಿ ಒಂದೆರಡು ಬಹಳ ಚೆನ್ನಾಗಿದ್ದವು. ಜೂನ್‌ನಲ್ಲಿ ನಕ್ಕಿದ್ದ ಹುಡುಗರು ಹಿಂದೆಯೇ ಕೂತಿದ್ದರು. ಜೀವಮಾನವಿಡೀ ಹೇಳಿಕೊಂಡು ನಗುವ ಸಂಗತಿ ಅವರಿಗೆ ಸಿಕ್ಕುತ್ತಿತ್ತು. ಆದರೆ ಲ್ಯಾಬಿನವರಿಗೆ ಒಂದು ನೇಮವಿದೆ. ಯಾರ ಬಾಯಲ್ಲಿ ಏನಿದೆ ಎಂಬುದನ್ನು ಬೀದಿಯಲ್ಲಿ ಹೇಳಬಾರದು. ಆ ನೇಮವನ್ನು ಅವಳು ಊರಿನ ಮೇಯರ್ ವಿಷಯದಲ್ಲೂ ಮುರಿದವಳಲ್ಲ.

ಅವಳು ಮುಂದಕ್ಕೆ ಬಾಗಿ ದನಿ ತಗ್ಗಿಸಿದಳು. "ಬಲಗಡೇದು ಒಂದು ಈ ಕೋಣೆಯಲ್ಲೇ ಇದೆ ಸಾರ್. ಆರು ವರ್ಷದ ಹಿಂದೆ ನನ್ನ ಕೈಯಲ್ಲೇ ಆದದ್ದು. ನಾಲ್ಕನೇ ಸಲಕ್ಕೆ ಕೂತದ್ದು. ಹೊರಗೆ ತೆಗೆದು ಪಕ್ಕದಲ್ಲಿಟ್ಟು ನೋಡ್ಬಹುದು. ನೀವು ಹೇಳಿದ್ರೆ."

ನಗು ಒಮ್ಮೆಲೇ ನಿಂತಿತು. ಬಾಯಿ ಮುಚ್ಚಿಕೊಂಡಿತು. ಪ್ರೊಫೆಸರರ ಬಲಗೈ ನಿಧಾನವಾಗಿ ಬಲಗೆನ್ನೆಯ ಮೇಲೆ ಬಂದು ಕೂತಿತು.

"ಎಲ್ಲಿದೆ?" ಎಂದು ಕೇಳಿದರು ಕುತ್ಸಾರೊವಾ, ನಿಜವಾದ ಕುತೂಹಲದಿಂದ.

"ಸಾರ್‌ಗೆ ಗೊತ್ತಿದೆ ಮೇಡಂ."

ಕುತ್ಸಾರೊವಾ ಎದ್ದು ಬಂದರು. ಪ್ಲಾಸ್ಟರ್ ಹಲ್ಲನ್ನು ಸುತ್ತಿ ನೋಡಿದರು, ತಾವೇ ತಂದಿದ್ದ ಅನಾಟಮಿ ಅಟ್ಲಾಸ್ ತೆರೆದು ಪಕ್ಕದಲ್ಲಿಟ್ಟು ನೋಡಿದರು. ಪುಟ ತಿರುಗಿಸಿ ಇನ್ನೊಂದು ಸಲ ನೋಡಿದರು. ಆಮೇಲೆ ಕೂತು, ಸಣ್ಣ ದನಿಯಲ್ಲಿ, "ಎಡ" ಅಂದರು. ಹನ್ನೊಂದು ವರ್ಷದಲ್ಲಿ ಎರಡನೇ ಸಲ ಎದುರು ಹೇಳಿದ ಹಾಗಾಯಿತು. ಎದ್ದುಹೋಗಿ ಕಿಟಕಿಯನ್ನೂ ತೆರೆದು ಬಂದರು.

"ಮುಂದುವರಿಸಿ ದೊಬ್ರಿಂಕಾ ಅವರೇ. ನರಗಳು."

ಆಮೇಲೆ ನಡೆದ ಪರೀಕ್ಷೆಯಲ್ಲಿ ಪ್ರೊಫೆಸರ್ ಬಾಯಿ ತೆರೆಯಲಿಲ್ಲ. ಕೆನ್ನೆಯ ಮೇಲಿಟ್ಟ ಕೈ ತೆಗೆಯಲಿಲ್ಲ. ದೊಬ್ರಿಂಕಾ ಕೆಳದವಡೆಯ ನರದ ಕವಲುಗಳನ್ನು ಒಂದೊಂದಾಗಿ ಹೇಳಿ, ತೂತಿನ ಲ್ಯಾಟಿನ್ ಹೆಸರನ್ನು ಎರಡು ಸಲ ಹೇಳಿ, ನಾಲಿಗೆಯ ಮುಂಭಾಗದ ರುಚಿಯನ್ನೂ ಐದನೇ ನರವೇ ಒಯ್ಯುತ್ತದೆ ಅಂದಳು. ಆಗ ಮಾತ್ರ ವ್ಲಾಹೊವ್ ಅವರ ಎಡಗೈ ಕಾಗದದ ಮೇಲೆ ಏನೋ ಗೀಚಿತು.

ಸಿಟ್ರಿಕ್ ಆಸಿಡ್ ಚಕ್ರಕ್ಕೆ ಬಂದಾಗ ಅವಳು ಡಿಪೋದಿಂದ ಹೊರಟು ಎಲ್ಲೂ ನಿಲ್ಲದೆ ಸುತ್ತು ಮುಗಿಸಿದಳು. ಒಂದೇ ಒಂದು ಕಡೆ, ಸಕ್ಸಿನೈಲ್ ಎನ್ನುವ ಬದಲು "ರೈಲ್ವೆ ಸ್ಟೇಷನ್" ಎಂದಳು. ಕುತ್ಸಾರೊವಾ ಕನ್ನಡಕ ಸರಿಮಾಡಿಕೊಂಡು, "ಯಾವುದು?" ಅಂದರು. ತಿದ್ದಿಕೊಂಡಳು.

ಬಯೋಕೆಮಿಸ್ಟ್ರಿಗೆ ಐದು. ಅನಾಟಮಿಗೆ, ಕಾಗದವನ್ನು ಬಹಳ ಹೊತ್ತು ನೋಡಿದ ಮೇಲೆ, ಮೂರು.

ಆ ದಿನ ಹನ್ನೊಂದರಲ್ಲಿ ಹತ್ತು ಮಂದಿ ಪಾಸಾದರು. ಹಾಸ್ಯವಿಲ್ಲದ ಪರೀಕ್ಷೆಯಲ್ಲಿ ಇಷ್ಟೊಂದು ಮಂದಿಗೆ ಪಾಠ ನೆನಪಿರುತ್ತದೆ ಎಂಬುದು ಕಾಲೇಜಿಗೆ ಹೊಸ ವಿಷಯ. ರಲಿತ್ಸಾಳ ಮೇಣದ ಹಲ್ಲು ಈ ಸಲ ಹಲ್ಲಿನಂತಿತ್ತು, ಸ್ವಲ್ಪ ಊದಿದ ಹಲ್ಲಿನಂತೆ. ನಪಾಸಾದ ಒಬ್ಬನ ಕೈಗೂ ಅದೇ ಹಲ್ಲಿನ ಪ್ರಶ್ನೆ ಬಂದಿತ್ತು. ಯಾವ ಕಡೆ ಎಂದು ಕೇಳಿದ್ದಕ್ಕೆ ಅವನು ಒಬ್ಬರ ಮುಖ ನೋಡಿ, ಇನ್ನೊಬ್ಬರ ಮುಖ ನೋಡಿ, "ನಡುವಿನದು" ಅಂದಿದ್ದ.

ಸೋಮವಾರ ಗಾಜಿನ ಪೆಟ್ಟಿಗೆಯ ಫಲಕ ಬದಲಾಗಿತ್ತು. ಬಹುಮಾನ ಹಾಗೇ ಇತ್ತು, ಹೆಸರು ಹಾಗೇ ಇತ್ತು. 'ಮೇಲಿನ ನಾಲ್ಕನೇ ಹಲ್ಲು' ಎಂದಷ್ಟೇ ಬರೆದಿತ್ತು. ಯಾವ ಕಡೆಯದು ಎಂಬುದನ್ನು ವಿಜ್ಞಾನ ನೋಡುವವರ ವಿವೇಚನೆಗೆ ಬಿಟ್ಟಿತ್ತು.

ಅದೇ ವಾರದ ಶನಿವಾರ ಬೆಳಗ್ಗೆ ದೊಬ್ರಿಂಕಾ ಲ್ಯಾಬಿನಲ್ಲಿದ್ದಳು. ರಜೆಯ ದಿನಗಳಲ್ಲಿ ಹಳೇ ಕೆಲಸಕ್ಕೆ ಹೋಗುತ್ತಿದ್ದಳು. ಬಾಗಿಲು ತೆರೆದು ವ್ಲಾಹೊವ್ ಒಳಗೆ ಬಂದರು, ಹ್ಯಾಟು ಕೈಯಲ್ಲಿ. ಬೇರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕರವಸ್ತ್ರದಲ್ಲಿ ಸುತ್ತಿದ್ದನ್ನು ಮೇಜಿನ ಮೇಲಿಟ್ಟರು.

"ಕೊಕ್ಕೆ ಸಡಿಲ ಆಗಿದೆ" ಅಂದರು. ಹಲ್ಲಿಲ್ಲದ ಜಾಗದಲ್ಲಿ ಮಾತು ಸ್ವಲ್ಪ ಸೋರುತ್ತಿತ್ತು.

ಅವಳು ಇಕ್ಕಳ ತೆಗೆದುಕೊಂಡು ತಂತಿಯನ್ನು ಬೆಳಕಿಗೆ ಹಿಡಿದಳು. ಆರು ವರ್ಷಕ್ಕೆ ಕೆಲಸ ಚೆನ್ನಾಗೇ ಬಾಳಿತ್ತು.

ಅವರು ಸ್ಟೂಲಿನ ಮೇಲೆ ಕೂತರು. "ಸ್ಲೈಡು ಉಲ್ಟಾ ಹಾಕಿದ್ರು" ಅಂದರು, ಕಿಟಕಿ ನೋಡುತ್ತ. "ಪ್ರೊಜೆಕ್ಟರ್‌ನಲ್ಲಿ. ನಾನು ಪರದೆ ನೋಡ್ಕೊಂಡು ಕಡೆದೆ. ಎರಡು ತಿಂಗಳು ಹಿಡೀತು. ನಮ್ಮ ಮೇಷ್ಟ್ರೇ ಬಹುಮಾನ ಕೊಟ್ರು."

"ನಿಮಗೆ ಯಾವಾಗ ಗೊತ್ತಾಯ್ತು ಸಾರ್?"

"ಗೊತ್ತಾದಾಗ ನಾನು ಪ್ರೊಫೆಸರ್ ಆಗ್ಬಿಟ್ಟಿದ್ದೆ."

ದೊಬ್ರಿಂಕಾಗೆ ನಗು ಬಂತು, ತಡೆದಳು. ಆಮೇಲೆ ಅವರ ಮುಖ ನೋಡಿ ನಗು ತಾನಾಗಿ ಹೋಯಿತು. ಎರಡು ತಿಂಗಳು ಪರದೆ ನೋಡಿ ಪ್ಲಾಸ್ಟರ್ ಕೆರೆದ ಇಪ್ಪತ್ತರ ಹುಡುಗನ ಕೈಯನ್ನು ಅವಳು ಬಲ್ಲಳು. ದಿಕ್ಕು ತಪ್ಪಿದ್ದರೂ ಕೆಲಸ ಒಳ್ಳೆಯದೇ.

"ಕಡೆತ ಚೆನ್ನಾಗಿದೆ ಸಾರ್" ಅಂದಳು. "ಬೇರುಗಳು ಬಹಳ ಚೆನ್ನಾಗಿವೆ. ನನಗೂ ಅಷ್ಟು ನಯ ಬರಲ್ಲ."

ಅವರ ಬೆನ್ನು ಸ್ವಲ್ಪ ನೆಟ್ಟಗಾಯಿತು.

ಅವಳಿಗೆ ಧೈರ್ಯ ಬಂತು. "ಹಾಗಿದ್ರೆ ಮೂರು ಯಾಕೆ ಕೊಟ್ರಿ?"

"ಹಲ್ಲಿಗಲ್ಲಮ್ಮ ಮೂರು ಕೊಟ್ಟಿದ್ದು!" ಹಳೆಯ ದನಿ ಒಮ್ಮೆಲೇ ಮರಳಿತು, ಹಲ್ಲಿಲ್ಲದೆಯೂ. "ನಾಲಿಗೆಯ ರುಚಿ ಐದನೇ ನರ ಒಯ್ಯುತ್ತೆ ಅಂದ್ರಿ. ಐದನೆಯದು ಒಯ್ಯೋದು ಮುಟ್ಟಿದ್ದು, ಚುಚ್ಚಿದ್ದು, ಸುಟ್ಟದ್ದು. ರುಚಿ ಏಳನೆಯದರದ್ದು. ಅದು ಐದನೆಯದರ ಜೊತೆ ಸ್ವಲ್ಪ ದೂರ ಬರುತ್ತೆ, ಆಮೇಲೆ ತನ್ನ ದಾರಿ ಹಿಡಿಯುತ್ತೆ. ಇಷ್ಟು ತಿಳೀದೆ ರೋಗಿಯ ಬಾಯಿಗೆ ಸೂಜಿ ಹಾಕ್ತೀರಾ? ಮೂರು ಕೊಟ್ಟಿದ್ದೇ ಜಾಸ್ತಿ."

ಅವಳು ಇಕ್ಕಳ ಹಿಡಿದುಕೊಂಡೇ ಯೋಚಿಸಿದಳು. ಆ ಪುಟ ರಲಿತ್ಸಾ ಓದಿಸಿದ್ದಳು, ಅವತ್ತು ಜಾಡಿ ಉಕ್ಕಿ ಒಲೆ ಒರೆಸುವ ಗಡಿಬಿಡಿ. ಅಷ್ಟರಲ್ಲಿ ಏಳನೇ ನರ ಕೈಬಿಟ್ಟುಹೋಗಿತ್ತು.

"ಸರಿ ಸಾರ್" ಅಂದಳು. "ಮೂರು ಸರಿಯಾಗೇ ಇದೆ."

ಹಲ್ಲು ಹಾಕಿಕೊಂಡು, ಎರಡು ಸಲ ಕಚ್ಚಿ ನೋಡಿ, ಅವರು ಎದ್ದರು. ಬಾಗಿಲಲ್ಲಿ ನಿಂತು ಹ್ಯಾಟು ಇಟ್ಟುಕೊಂಡರು. "ಈ ವರ್ಷ ತಲೆ ಮತ್ತು ಕತ್ತಿನ ಪಾಠ ನನ್ನದೇ. ಮುಂದಿನ ಬೆಂಚಲ್ಲಿ ಕೂತ್ಕೊಳಿ. ನಿಮಗೆ ಹಿಂದಿನಿಂದ ಕಾಣಿಸಲ್ಲ ಅನ್ಸುತ್ತೆ."

"ಕಾಣಿಸುತ್ತೆ ಸಾರ್."

"ಅದೇ ನನ್ನ ತಕರಾರು" ಎಂದು ವ್ಲಾಹೊವ್ ಮೆಟ್ಟಿಲಿಳಿದು ಹೋದರು.